ಮಾತೃಭಾಷೆಯನ್ನು ಕಾಪಾಡಿದ ಹಿಮದ್ವೀಪ

ಹಿಮ, ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆ. ಐಸ್‌ಲ್ಯಾಂಡ್ ಎಂದೊಡನೆ ನಿಮಗೆ ನೆನಪಾಗುವುದು ಇವೇ ಇರಬಹುದು. ಆದರೆ ಪ್ರಿಯ ಓದುಗರೇ, ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪದ ಜನರು ಅದಕ್ಕಿಂತಲೂ ಅಚ್ಚರಿ ಹುಟ್ಟಿಸುತ್ತಾರೆ. ಅವರ ಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಆದರೂ ಎಂಟುನೂರು ವರ್ಷಗಳ ಹಿಂದಿನ ತಮ್ಮ ಗ್ರಂಥಗಳನ್ನು ಅವರು ಇಂದಿಗೂ ಹೆಚ್ಚು ಕಷ್ಟವಿಲ್ಲದೆ ಓದಬಲ್ಲರು.

9ನೇ ಶತಮಾನದ ಕೊನೆಯಲ್ಲಿ ನಾರ್ವೆಯಿಂದ ಬಂದವರು ಅಲ್ಲಿ ನೆಲೆಸಿದರು. 930ರಲ್ಲಿ 'ಆಲ್ಥಿಂಗ್' ಎಂಬ ಜನಸಭೆ ಕಟ್ಟಿದರು. ಕ್ರಿ.ಶ. 1000ದ ಸುಮಾರಿಗೆ ಹಳೆಯ ದೇವತೆಗಳ ಆರಾಧಕರಿಗೂ ಕ್ರೈಸ್ತರಿಗೂ ಕಲಹವಾಗುವುದರಲ್ಲಿತ್ತು. ತೀರ್ಪನ್ನು ಥೋರ್ಗೇರ್ ಎಂಬ ಹಿರಿಯನಿಗೆ ಬಿಟ್ಟರು. ಆತ ಹಳೆಯ ಧರ್ಮದವನೇ. ಒಂದು ಹಗಲು, ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದನಂತೆ. ಎಲ್ಲರೂ ಕ್ರೈಸ್ತರಾಗಲಿ ಎಂದು ಸಾರಿದ. ರಕ್ತಪಾತ ತಪ್ಪಿತು.

ಮುಂದೆ ದ್ವೀಪವು ಡೆನ್ಮಾರ್ಕ್ ದೊರೆಗಳ ಕೈಸೇರಿತು. ಅವರ ಲೂಥರನ್ ಪಂಥವನ್ನು ವಿರೋಧಿಸಿದ ಕ್ಯಾಥೊಲಿಕ್ ಬಿಷಪ್ ಯೋನ್ ಅರಾಸನ್‌ರ ಶಿರಚ್ಛೇದವಾದದ್ದು 1550ರಲ್ಲಿ. ಇಲ್ಲೊಂದು ವಿಷಯ ಗಮನಿಸಿ. ನಾರ್ವೆಯ ಚರ್ಚುಗಳಲ್ಲಿ ಡ್ಯಾನಿಶ್ ಬೈಬಲ್ ನೆಲೆಯೂರಿತು. ಕ್ರಮೇಣ ಅಲ್ಲಿನ ಬರವಣಿಗೆಯೂ ಡ್ಯಾನಿಶ್ ಆಯಿತು. ಐಸ್‌ಲ್ಯಾಂಡಿನಲ್ಲಾದರೋ 1584ರಲ್ಲಿ ಇಡೀ ಬೈಬಲ್ ಸ್ವಂತ ಭಾಷೆಯಲ್ಲೇ ಅಚ್ಚಾಯಿತು. ಚಳಿಗಾಲದ ದೀರ್ಘ ಸಂಜೆಗಳಲ್ಲಿ ಮನೆಮಂದಿಯೆಲ್ಲ ಉಣ್ಣೆಯ ಕೆಲಸ ಮಾಡುತ್ತಿರುವಾಗ ಒಬ್ಬರು ಗಟ್ಟಿಯಾಗಿ ಓದುವುದು ರೂಢಿಯಾಗಿತ್ತು. ಭಾಷೆಗೆ ಮನೆಯೇ ಶಾಲೆಯಾಯಿತು.

1944ರಲ್ಲಿ ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಹೊಸ ವಸ್ತು ಬಂದರೆ ಅದಕ್ಕೆ ಅವರು ತಮ್ಮದೇ ಹೆಸರು ಹುಡುಕುತ್ತಾರೆ. ಟೆಲಿಫೋನಿಗೆ 'ಸೀಮಿ', ಅದು ದಾರ ಎಂಬರ್ಥದ ಹಳೆಯ ಪದ. ಹೆಚ್ಚಿನವರಿಗೆ ಕುಲನಾಮವಿಲ್ಲ. ತಂದೆಯ ಹೆಸರಿಗೆ ಮಗನಾದರೆ 'ಸನ್', ಮಗಳಾದರೆ 'ದೋತ್ತಿರ್' ಸೇರುತ್ತದೆ, ಅರಬರ 'ಬಿನ್', 'ಬಿಂತ್' ಇದ್ದಂತೆ. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗದು.

ಲೂಥರನ್ ಚರ್ಚಿಗೆ ಸಂವಿಧಾನದ ಬೆಂಬಲವಿದೆ. ಇತರ ಧರ್ಮಗಳಿಗೂ ಸ್ವಾತಂತ್ರ್ಯವಿದೆ. 1997ರಲ್ಲಿ ಅಲ್ಲಿನ ಮುಸ್ಲಿಮರೂ ಸಂಘ ಕಟ್ಟಿಕೊಂಡರು. ರಮಝಾನ್ ಜೂನ್‌ನಲ್ಲಿ ಬಂದರೆ ಉಪವಾಸ 20 ಗಂಟೆಯನ್ನೂ ಮೀರುತ್ತದೆ. ಏಕೆಂದರೆ ಆಗ ಸೂರ್ಯ ಮುಳುಗುವುದೇ ನಡುರಾತ್ರಿಯ ಹೊತ್ತಿಗೆ.

ಡ್ಯಾನಿಶ್ ಆಳ್ವಿಕೆಯನ್ನು ತಾಳಿಕೊಂಡ ಆ ಭಾಷೆಗೆ ಈಗ ಹೊಸ ಪರೀಕ್ಷೆ ಎದುರಾಗಿದೆ. ಮಕ್ಕಳ ಕೈಯಲ್ಲಿರುವ ಮೊಬೈಲ್ ಇಂಗ್ಲಿಷಿನಲ್ಲಿ ಮಾತಾಡುತ್ತಿದೆ. ಯಾವ ದೊರೆಯೂ ಕಸಿದುಕೊಳ್ಳಲಾಗದ್ದನ್ನು ಮೊಬೈಲ್ ಕಸಿಯಬಹುದೆಂಬ ಚಿಂತೆ ಅಲ್ಲಿನ ಹೆತ್ತವರದು. ಆ ಚಿಂತೆ ನಿಮಗೂ ಹೊಸದಲ್ಲ, ಅಲ್ಲವೇ?