ಥಾಯ್ಲೆಂಡಿಗೆ ಹೊರಟಿದ್ದೀರಾ?

ಬ್ಯಾಂಕಾಕಿಗೆ ಹೊರಟ ಸೋದರಿಯರೆ, ಪೆಟ್ಟಿಗೆ ತುಂಬುವ ಮುನ್ನ ಎರಡು ಮಾತು. ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಂಡಿರಾ? ಸರಿ. ತೋಳು, ಮಂಡಿ ಮುಚ್ಚುವ ಉಡುಪನ್ನೂ ಇಟ್ಟುಕೊಳ್ಳಿ. ಅರಮನೆಯ ಆವರಣದಲ್ಲಿರುವ ಪಚ್ಚೆ ಬುದ್ಧನ ಗುಡಿಗೆ ತೋಳಿಲ್ಲದ ರವಿಕೆ, ಗಿಡ್ಡ ಲಂಗ ತೊಟ್ಟವರನ್ನು ಬಿಡುವುದಿಲ್ಲ.

ನಮಸ್ಕಾರದ ಮಟ್ಟಿಗೆ ಚಿಂತೆಯಿಲ್ಲ. ಅವರೂ ನಮ್ಮ ಹಾಗೇ ಕೈಜೋಡಿಸಿ ತಲೆ ಬಾಗಿಸುತ್ತಾರೆ. 'ಸವತ್‌ದೀ ಖಾ' ಎನ್ನಿ. ಆ 'ಸವತ್‌ದೀ' ಬಂದದ್ದು ಸಂಸ್ಕೃತದ 'ಸ್ವಸ್ತಿ'ಯಿಂದಲೇ! 'ಖಾ' ಎಂಬುದು ಹೆಂಗಸರು ಗೌರವಕ್ಕೆ ಸೇರಿಸುವ ಮಾತು, ಗಂಡಸರಿಗೆ 'ಖ್ರಪ್'. ನಿಮ್ಮನ್ನು ನೋಡಿ ಯಜಮಾನರೂ 'ಖಾ' ಅಂದರೆ ಅಂಗಡಿಯ ಹುಡುಗಿಯರು ಮುಸಿಮುಸಿ ನಗುತ್ತಾರೆ.

ಮುದ್ದು ಬಂತೆಂದು ಮಕ್ಕಳ ತಲೆ ಸವರಬೇಡಿ. ಅವರಿಗೆ ತಲೆ ಪವಿತ್ರ, ಕಾಲು ಕೀಳು. ಗುಡಿಯಲ್ಲಿ ಬುದ್ಧನ ಕಡೆ ಕಾಲು ಚಾಚದೆ ಹಿಂದಕ್ಕೆ ಮಡಿಸಿ ಕೂತುಕೊಳ್ಳಿ. ಭಿಕ್ಷುಗಳನ್ನು ಹೆಂಗಸರು ಮುಟ್ಟಬಾರದು. ಕಾಣಿಕೆ ಕೊಡುವುದಿದ್ದರೆ ಅವರು ಹಾಸುವ ಬಟ್ಟೆಯ ಮೇಲಿಡಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ನಿಲ್ದಾಣ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಲ್ಲಿ. ರಾಜಮನೆತನದ ಬಗ್ಗೆ ತಮಾಷೆಗೂ ಹಗುರ ಮಾತು ಬೇಡ, ಜೈಲಾದೀತು.

ಇನ್ನು ಊಟ. ನಾನು ಎಡವಿದ್ದು ಇಲ್ಲೇ. ಜೊತೆಗಿದ್ದ ಅತ್ತೆಯವರು ಮೀನಿನ ವಾಸನೆಗೇ ಮೂಗು ಮುಚ್ಚುವವರು. ಬೀದಿಯಲ್ಲೊಬ್ಬಾಕೆ ಎಳೆ ಪರಂಗಿಕಾಯಿಯನ್ನು ಒರಳಲ್ಲಿ ಕುಟ್ಟಿ, ಹುಳಿ ಖಾರ ಹಾಕಿ 'ಸೋಮ್ ತಾಮ್' ಮಾಡುತ್ತಿದ್ದಳು. ಒಣ ಸೀಗಡಿ ಬೇಡವೆಂದು ಕೈಸನ್ನೆ ಮಾಡಿ ನಿಶ್ಚಿಂತೆಯಾಗಿದ್ದೆ. "ಥೇಟ್ ಕೋಸಂಬರಿ ಕಣೇ, ಇನ್ನೊಂದಿಷ್ಟು ಹಾಕಿಸು" ಅಂದರು ಅತ್ತೆ. ಎರಡನೇ ಸಲ ಆಕೆ ಸೀಸೆ ಬಗ್ಗಿಸುವಾಗ ನೋಡ್ತೀನಿ, ಮೇಲೆ ಮೀನಿನ ಚಿತ್ರ! 'ನಾಮ್ ಪ್ಲಾ' ಅಂತೆ. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ. ನಮಗೆ ಉಪ್ಪು ಹೇಗೋ ಅವರಿಗೆ ಅದು ಹಾಗೆ. ನನ್ನ ಎದೆ ಧಸಕ್ಕೆಂದಿತು. "ಹೊತ್ತಾಯ್ತು, ಏಳಿ ಅಮ್ಮಾ" ಎಂದು ಎಬ್ಬಿಸಿಕೊಂಡು ಬಂದೆ. ಕಾರಣ ಹೇಳಲಿಲ್ಲ.

ನೀವು ಹೀಗೆ ಮಾಡಿ. 'ಮಂಗ್‌ಸವಿರತ್' ಎಂದರೆ 'ಮಾಂಸವಿರತಿ'ಯೇ, ಆದರೂ ಅಷ್ಟು ಹೇಳಿದರೆ ಸಾಲದು. ಮೊಟ್ಟೆಯೋ ಮೀನಿನ ರಸವೋ ಬಂದೀತು. 'ಜೇ' ಎನ್ನಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿ ಹುಡುಕಿ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸಹ ಇರುವುದಿಲ್ಲ. ಮರುದಿನದಿಂದ ನಾವು ಉಂಡದ್ದು ಅಂಥ ಕಡೆಯೇ.

ಅತ್ತೆಯವರಿಗೆ ಇವತ್ತಿನವರೆಗೂ ವಿಷಯ ಗೊತ್ತಿಲ್ಲ. ಆದರೆ ಅವರು ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವರು. ಸಂಚಿಕೆ ಮನೆಗೆ ಬರುವ ಮೊದಲೇ ನಾನು ಬಾಯಿಬಿಡಬೇಕು.