ಸಹಿ ಹಾಕದ ಕಾಗದ

ನನ್ನ ಊರು ಹೊನ್ನಾವರ. ಮುಂಬೈ ಏಜೆಂಟರ ಮೂಲಕ ಸೌದಿಗೆ ಹೋಗಿ ಜೆದ್ದಾದ ಒಂದು ಕಟ್ಟಡ ಕಂಪನಿಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದೆ. ಮೊದಮೊದಲು ಸಂಬಳ ಸರಿಯಾಗಿಯೇ ಬರುತ್ತಿತ್ತು. 2015ರ ಕೊನೆಯಲ್ಲಿ ತಡವಾಗತೊಡಗಿತು. ತೈಲದ ಬೆಲೆ ಬಿದ್ದಿದೆ, ಕಂಪನಿಯ ಬಿಲ್ಲು ಪಾಸಾಗಿಲ್ಲ ಎಂದು ಫೋರ್‌ಮನ್ ಹೇಳಿದ. ಆಮೇಲೆ ಸಂಬಳ ನಿಂತೇ ಹೋಯಿತು. ಆದರೂ ಕೆಲಸಕ್ಕೆ ಹೋದೆವು. ಬಿಟ್ಟರೆ ಬಾಕಿಯೂ ಮುಳುಗೀತು ಎಂಬ ಹೆದರಿಕೆ.

ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ ಅವಧಿ ಮುಗಿಯಿತು. ಅದನ್ನು ನವೀಕರಿಸಬೇಕಾದದ್ದು ಕಂಪನಿ. ಮಾಡಲಿಲ್ಲ. ಹೊರಗೆ ಹೋದರೆ ಪೊಲೀಸರ ಭಯ. ಬೇರೆ ಕಡೆ ಕೆಲಸ ಹಿಡಿಯುವಂತಿರಲಿಲ್ಲ. ಕಂಪನಿ ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ, ಕೊಡದೆ ಆಗ ಊರಿಗೂ ಹೊರಡುವಂತಿರಲಿಲ್ಲ. ಕಂಪನಿಯ ಕ್ಯಾಂಪಿನ ನನ್ನ ಕೋಣೆಯಲ್ಲಿ ಕುಮಟಾದ ಹಿರಿಯರೊಬ್ಬರಿದ್ದರು. ಸಕ್ಕರೆ ಕಾಯಿಲೆ. ದಿನಕ್ಕೆರಡು ಮಾತ್ರೆ ನುಂಗುತ್ತಿದ್ದವರು ಒಂದಕ್ಕೆ ಇಳಿಸಿದರು.

2016ರ ರಂಜಾನ್ ಕಳೆದ ಮೇಲೆ ಕ್ಯಾಂಪಿನ ಮೆಸ್ ಮುಚ್ಚಿತು. ಇದ್ದ ಅಕ್ಕಿಯಲ್ಲಿ ಒಂದು ಹೊತ್ತು ಗಂಜಿ ಬೇಯಿಸಿಕೊಂಡೆವು. ಮನೆಯಿಂದ ಫೋನ್ ಬಂದರೆ ಹೆಂಡತಿ, "ಊಟ ಆಯ್ತಾ?" ಅನ್ನುತ್ತಿದ್ದಳು. "ಆಯ್ತು" ಅನ್ನುತ್ತಿದ್ದೆ. ಮಗಳ ಫೀಸಿಗೆ ಸರ ಅಡವಿಟ್ಟದ್ದನ್ನು ಅವಳೂ ನನಗೆ ಹೇಳಿರಲಿಲ್ಲ.

ಅದೇ ದಿನಗಳಲ್ಲಿ ಕಂಪನಿಯ ಗುಮಾಸ್ತ ಅರಬ್ಬಿಯಲ್ಲಿದ್ದ ಕಾಗದ ತಂದ. ಸಹಿ ಹಾಕಿದವರಿಗೆ ಎಕ್ಸಿಟ್ ಅಂದ. ಪಕ್ಕದ ಕೋಣೆಯ ಭಟ್ಕಳದ ಹುಡುಗನಿಗೆ ಅರಬ್ಬಿ ಓದಲು ಬರುತ್ತಿತ್ತು. ಓದಿ ಹೇಳಿದ: "ಬಾಕಿ ಎಲ್ಲಾ ಕೈ ಸೇರಿದೆ ಅಂತ ಬರೆದಿದ್ದಾರೆ ಅಣ್ಣಾ." ಕೆಲವರು ಸಹಿ ಹಾಕಿದರು. ಒಬ್ಬನ ತಾಯಿ ಆಸ್ಪತ್ರೆಯಲ್ಲಿದ್ದರು. ಅವನನ್ನು ದೂರುವಂತಿರಲಿಲ್ಲ. ಕುಮಟಾದವರೂ ನಾನೂ ಹಾಕಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಜೆದ್ದಾದಲ್ಲಿ ನೆಲೆಸಿದ್ದ ಭಟ್ಕಳದವರು ಅಕ್ಕಿ, ಬೇಳೆ, ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಟ್ಟರು. ಜುಲೈ 30ರಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಅನ್ನವಿಲ್ಲದೆ ಇದ್ದಾರೆ ಎಂದು ಬಹಿರಂಗವಾಗಿ ಹೇಳಿದರು. ಭಾರತದ ಕಾನ್ಸುಲೇಟ್ ಕ್ಯಾಂಪುಗಳಿಗೆ ಆಹಾರ ಹಂಚಿತು. ಆಗಸ್ಟ್ ಮೊದಲ ವಾರ ರಾಜ್ಯ ಸಚಿವ ವಿ.ಕೆ. ಸಿಂಗ್ ಜೆದ್ದಾಕ್ಕೆ ಬಂದರು. ಕಂಪನಿಯ ಒಪ್ಪಿಗೆ ಇಲ್ಲದೆಯೂ ಎಕ್ಸಿಟ್ ಕೊಡಲು, ಬಾಕಿಯ ಕ್ಲೇಮನ್ನು ಕಾರ್ಮಿಕ ಇಲಾಖೆಯಲ್ಲಿ ದಾಖಲಿಸಲು ಸೌದಿ ಸರ್ಕಾರ ಒಪ್ಪಿತು.

ನಾವು ಕ್ಲೇಮ್ ಬರೆಸಿದೆವು. ಸಂಬಳದ ಬಾಕಿಯಷ್ಟೇ ಅಲ್ಲ, ಸೇವೆಯ ಹಣವೂ ಸಿಗಬೇಕೆಂದು ಅಲ್ಲಿ ತಿಳಿಯಿತು. ಮೊದಲ ಐದು ವರ್ಷಗಳಿಗೆ ತಲಾ ಅರ್ಧ ತಿಂಗಳ ಸಂಬಳ, ಮುಂದೆ ವರ್ಷಕ್ಕೊಂದು ತಿಂಗಳದ್ದು. ಅದನ್ನೂ ಸೇರಿಸಿದೆವು. ಬರಿಗೈಯಲ್ಲಿ ಊರಿಗೆ ಬಂದೆವು.

ನನ್ನ ಹಣ ಇನ್ನೂ ಬಂದಿಲ್ಲ. ಆದರೆ ನನ್ನ ಹೆಸರಿನಲ್ಲಿ ಬಾಕಿ ಇದೆ ಎಂಬ ದಾಖಲೆ ಇದೆ. ಸಹಿ ಹಾಕಿದವರಿಗೆ ಅದೂ ಇಲ್ಲ.

ಹೊರಡುವವರಿಗೆ ಹೇಳುವುದು ಇಷ್ಟು. ಕರಾರು ಪತ್ರ, ಇಕಾಮಾ, ಸಂಬಳದ ಚೀಟಿ ಇವುಗಳ ಫೋಟೊ ಮನೆಗೆ ಕಳಿಸಿಡಿ. ಸಂಬಳ ತಪ್ಪಿದರೆ ತಡಮಾಡದೆ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಕೊಡಿ. ಊರಲ್ಲಿರುವ ಮನೆಯವರೂ ಕೊಡಬಹುದು. ಓದಿಸಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಕ್ಲೇಮ್ ಬರೆಸದೆ ವಿಮಾನ ಹತ್ತಬೇಡಿ.