ಗಾಲಿಯ ಮೇಲಿನ ಮನೆ: ನಾರಾಯಣಪೇಟೆಯಿಂದ ಗದ್ವಾಲಿನವರೆಗೆ ಒಂದು ಪೂರ್ವಾಭ್ಯಾಸ

ಸಂಸಾರವನ್ನೇ ಗಾಲಿಯ ಮೇಲೆ ಹೇರಿಕೊಂಡು ಹೊರಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ, ದೀಪಾವಳಿ ಕಳೆದ ಮೇಲೆ ಕುರುಮೂರ್ತಿಯ ಜಾತ್ರೆಗೆ ನಮ್ಮ ಹಿರಿಯರು ಹೊರಡುತ್ತಿದ್ದುದು ಸವಾರಿ ಬಂಡಿಯಲ್ಲಿ. ಕಮಾನಿನ ಕೆಳಗೆ ಹುಲ್ಲು ಹಾಸಿ ಅದರ ಮೇಲೊಂದು ಕೌದಿ. ಮೂಲೆಯಲ್ಲಿ ರೊಟ್ಟಿಬುತ್ತಿಯ ಗಂಟು, ನೀರಿನ ಕೊಡ. ಬಂಡಿಯ ಅಡಿಯಲ್ಲಿ ತೂಗುವ ಕಂದೀಲು ಮತ್ತು ಕೀಲೆಣ್ಣೆಯ ಡಬ್ಬಿ. ಎತ್ತು ದಣಿದಲ್ಲಿ ಬೀಡು, ಬಾವಿ ಕಂಡಲ್ಲಿ ಅಡಿಗೆ. ಇಂದಿಗೂ ಬೇಸಗೆಯಲ್ಲಿ ಕುರಿಮಂದೆ ಹೊಡೆದುಕೊಂಡು ಕೃಷ್ಣೆಯ ದಂಡೆಯತ್ತ ಬರುವ ಕುರುಬರು ಬಯಲಲ್ಲೇ ಮನೆ ಹೂಡುತ್ತಾರೆ. ಇನ್ನೊಂದು ಬಗೆಯ ಪಯಣವೂ ಉಂಟು. ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದ ಪಾಲಮೂರಿನ ಕುಟುಂಬಗಳು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಲಾರಿ, ಬಸ್ಸು ಹತ್ತಿದವು. ಇಂಥ ಸೀಮೆಯಲ್ಲಿ ಕುಳಿತು ವಿದೇಶದ ಮೋಟಾರು ಮನೆಯ ವಿಹಾರದ ಬಗೆಗೆ ಬರೆಯುವಾಗ ಲೇಖನಿ ಸ್ವಲ್ಪ ತಡೆಯುವುದು ಸಹಜ. ಆದರೂ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತವರು ಇಂದು ಹಲವು ದೇಶಗಳಲ್ಲಿದ್ದಾರೆ. ‘ಮಕ್ಕಳನ್ನು ಕರೆದುಕೊಂಡು ಬನ್ನಿ’ ಎಂಬ ಕರೆ ಈಗ ಅನೇಕ ಮನೆಗಳಿಗೆ ಬರುತ್ತಿದೆ.

ನಮ್ಮ ಮನೆಗೆ ಬಂದ ಕರೆ ನ್ಯೂಜಿಲೆಂಡಿನಿಂದ. ಮಡದಿಯ ತಮ್ಮ ಅಲ್ಲಿನ ಆಕ್ಲೆಂಡ್ ನಗರದಲ್ಲಿದ್ದಾನೆ. ಹೋಟೆಲುಗಳ ವೆಚ್ಚ ಮಾಡುವುದಕ್ಕಿಂತ ಅಡಿಗೆಮನೆ, ಮಂಚ, ಶೌಚಾಲಯ ಎಲ್ಲವೂ ಒಳಗೇ ಇರುವ ವಾಹನವನ್ನು ಬಾಡಿಗೆಗೆ ಹಿಡಿದು ಹದಿನೈದು ದಿನ ಎರಡೂ ದ್ವೀಪ ಸುತ್ತೋಣವೆಂಬುದು ಅವನ ಸಲಹೆ. ಹೋಗಬೇಕಾದವರು ಐವರು: ನಾನು, ಮಡದಿ, ಎಪ್ಪತ್ತು ದಾಟಿದ ನಮ್ಮ ತಾಯಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ತಾಲ್ಲೂಕು ಮಟ್ಟದ ವಕೀಲನೊಬ್ಬನ ಹಲವು ವರ್ಷಗಳ ಉಳಿತಾಯ ಇದಕ್ಕೆ ಹೋಗುತ್ತದೆ. ಹಣ ಕಟ್ಟಿದ ಮೇಲೆ ಮಕ್ಕಳು ಮೂರನೆಯ ದಿನವೇ ಸಾಕೆಂದು ಅತ್ತರೆ, ತಾಯಿಗೆ ವಾಹನದ ಮೆಟ್ಟಿಲು ಹತ್ತಲು ಆಗದಿದ್ದರೆ, ಹಿಂದಿರುಗಿ ಬರುವ ದಾರಿಯಿಲ್ಲ.

ಆದುದರಿಂದ ಕಾಗದಪತ್ರ ಮೊದಲು, ಪೂರ್ವಾಭ್ಯಾಸ ಆಮೇಲೆ, ಟಿಕೆಟ್ಟು ಕೊನೆಗೆ ಎಂದು ಗೊತ್ತುಮಾಡಿದೆವು. ಈ ಕ್ರಮವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ.

ಕಾಗದಪತ್ರದಲ್ಲಿ ನಮ್ಮಂಥ ಗಡಿಸೀಮೆಯವರಿಗೆ ಒಂದು ವಿಶೇಷ ತೊಡಕಿದೆ. ಮಗುವಿನ ಹೆಸರು ಕನ್ನಡ ಶಾಲೆಯ ದಾಖಲೆಯಲ್ಲಿ ‘ಈರಣ್ಣ’, ತೆಲುಗಿನಲ್ಲಿ ಬರೆದುಕೊಂಡವರ ಕೈಯಲ್ಲಿ ‘ವೀರಣ್ಣ’, ಆಧಾರಿನ ಇಂಗ್ಲಿಷ್ ಅಕ್ಷರಗಳಲ್ಲಿ ಮೂರನೆಯದೊಂದು ರೂಪ. ತೆಲುಗರ ರೂಢಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ. ನಮ್ಮಲ್ಲಿ ಕೊನೆಗೆ, ಅಥವಾ ಇಲ್ಲವೇ ಇಲ್ಲ. ಊರಿನಲ್ಲಿ ಇವು ಯಾರನ್ನೂ ಬಾಧಿಸುವುದಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಅರ್ಜಿಯ ಚೌಕಗಳಲ್ಲಿ ಬಾಧಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕೂ ಮೂಲವಾಗಬೇಕಾದುದು ಜನನ ಪ್ರಮಾಣಪತ್ರ. ಅದರಲ್ಲಿ ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ನೋಂದಣಾಧಿಕಾರಿಯಿಂದ ತಿದ್ದುಪಡಿ ಮಾಡಿಸಿಕೊಳ್ಳಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗಂತೂ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಈ ಪ್ರಮಾಣಪತ್ರವೊಂದೇ ನಡೆಯುತ್ತದೆ. ಕಚೇರಿಯ ಕಿಟಕಿಯಲ್ಲಿ ಯಾರಾದರೂ ‘ಶಾಲೆಯ ಹೆಸರನ್ನೇ ಬದಲಿಸಿಬಿಡಿ, ಸುಲಭ’ ಎಂದರೆ ಒಪ್ಪಬೇಡಿ. ಮಗುವನ್ನು ಮನೆಯಲ್ಲಿ ಕರೆಯುವ ಹೆಸರು ಸರಿಯಾದುದು. ಬರವಣಿಗೆ ಅದಕ್ಕೆ ಹೊಂದಬೇಕು. ಅಪ್ರಾಪ್ತರ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷ. ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ಶಾಲೆಯ ಪತ್ರ ಕನ್ನಡದಲ್ಲಿದ್ದರೆ ವೀಸಾಕ್ಕಾಗಿ ಪ್ರಮಾಣೀಕೃತ ಇಂಗ್ಲಿಷ್ ಅನುವಾದವನ್ನು ಮೊದಲೇ ಮಾಡಿಸಿಡುವುದು ಲೇಸು.

ವಾಹನ ನಡೆಸುವವನ ಕಾಗದ ಇಷ್ಟು ಕಷ್ಟದ್ದಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಸಾರಿಗೆ ಕಚೇರಿಯೇ ಕೊಡುತ್ತದೆ. ಅದರ ಅವಧಿ ಒಂದು ವರ್ಷ. ನ್ಯೂಜಿಲೆಂಡಿನಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯ ಸಂಚಾರ, ಮತ್ತು ಅಲ್ಲಿ ಕಾರಿನ ಪರವಾನಗಿಯ ಮೇಲೆಯೇ 6,000 ಕಿಲೋ ತೂಕದವರೆಗಿನ ವಾಹನ ನಡೆಸಬಹುದು. ಯುರೋಪಿನಲ್ಲಾದರೆ ಬಹುತೇಕ ಬಲಬದಿಯ ಸಂಚಾರ, ಹಲವು ದೇಶಗಳಲ್ಲಿ 3,500 ಕಿಲೋ ದಾಟಿದರೆ ಬೇರೆ ಪರವಾನಗಿ. ಮೊದಲ ಸಲ ಹೊರಡುವವರಿಗೆ ಈ ಎರಡು ಕಾರಣಗಳೇ ಸಾಕು, ನ್ಯೂಜಿಲೆಂಡನ್ನು ಆರಿಸಲು.

ಪೂರ್ವಾಭ್ಯಾಸಕ್ಕೆ ಶಿವರಾತ್ರಿ ಕಳೆದ ಮೇಲಿನ ಮೂರು ದಿನಗಳನ್ನು ಇಟ್ಟುಕೊಂಡೆವು. ಒಂದು ಟೆಂಪೋ ಟ್ರಾವೆಲರ್ ಬಾಡಿಗೆಗೆ ಸಿಕ್ಕಿತು. ಆಸನಗಳನ್ನು ಕಿತ್ತು ಮಂಚ ಹಾಕಬಹುದಲ್ಲ ಎಂದು ಚಾಲಕರು ಸೂಚಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂಥ ಮಾರ್ಪಾಡಿಗೆ ಅಡ್ಡ ಬರುತ್ತದೆಂದು ಹೇಳಿ ಬೇಡವೆಂದೆ. ರಾತ್ರಿ ನಿಂತಾಗ ಆಸನಗಳ ಮೇಲೆ ಹಲಗೆ ಅಡ್ಡವಿಟ್ಟು ಕೌದಿ ಹಾಸುವುದು, ಹಗಲು ಹಲಗೆ ತೆಗೆದು ಎಲ್ಲರೂ ಬೆಲ್ಟು ಕಟ್ಟಿ ಕೂರುವುದು. ನ್ಯೂಜಿಲೆಂಡಿನ ನಿಯಮವೂ ಇದೇ ಜಾತಿಯದು: ಓಡುವ ವಾಹನದ ಮಂಚದ ಮೇಲೆ ಮಕ್ಕಳನ್ನು ಮಲಗಿಸುವಂತಿಲ್ಲ, ಏಳು ವರ್ಷ ತುಂಬದವರಿಗೆ ಪ್ರತ್ಯೇಕ ಮಕ್ಕಳ ಆಸನ ಕಡ್ಡಾಯ. ಅಲ್ಲಿನ ವಾಹನಗಳಲ್ಲಿ ಸಾಮಾನ್ಯವಾಗಿ ನೂರು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆಂದು ಮಡದಿಯ ತಮ್ಮ ಹೇಳಿದ್ದರಿಂದ, ನಾವೂ ಇಪ್ಪತ್ತು ಲೀಟರಿನ ಐದು ಕ್ಯಾನು ತುಂಬಿಕೊಂಡೆವು. ಎರಡು ದಿನಕ್ಕೆ ಅಷ್ಟೇ ಎಂಬುದು ಒಪ್ಪಂದ. ಅಡಿಗೆ, ಪಾತ್ರೆ, ಮುಖ, ಕೈ, ಕುಡಿಯುವುದು ಎಲ್ಲವೂ ಅದರಲ್ಲಿಯೇ.

ನಾರಾಯಣಪೇಟೆಯಿಂದ ಬೆಳಗಿನ ಜಾವ ಹೊರಟು ಮಕ್ತಲಿನಲ್ಲಿ ಪಡಮಟಿ ಆಂಜನೇಯನ ದರ್ಶನ ಮಾಡಿದೆವು. ‘ಪಡಮಟಿ’ ಎಂದರೆ ತೆಲುಗಿನಲ್ಲಿ ಪಡುವಣ. ದೇವರು ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಪಡುವಣ, ಪಡಮಟಿ ಎರಡನ್ನೂ ಅಕ್ಕಪಕ್ಕ ಬರೆದು ಮಗಳು ತಮ್ಮನಿಗೆ ತೋರಿಸಿದಳು. ಕನ್ನಡ ಶಾಲೆಯಲ್ಲಿ ಓದುತ್ತಾ ಕಡ್ಡಾಯ ತೆಲುಗನ್ನೂ ಕಲಿಯುವ ನಮ್ಮ ಮಕ್ಕಳಿಗೆ ಇಂಥ ಜೋಡಿಗಳು ತಾವಾಗಿಯೇ ಕಾಣುತ್ತವೆ. ಅಲ್ಲಿಂದ ರಾಯಚೂರಿನ ಹೆದ್ದಾರಿ ಹಿಡಿದು ಮಾಗನೂರು ದಾಟಿದರೆ ಕೃಷ್ಣಾ ಮಂಡಲ. ರಸ್ತೆಬದಿಯ ಚಹಾದಂಗಡಿಯ ಮಾತು ಇಲ್ಲಿ ಕನ್ನಡಕ್ಕೆ ತಿರುಗುತ್ತದೆ.

ಮೊದಲ ರಾತ್ರಿಯ ಬೀಡು ಮುಡುಮಾಲದ ಬಳಿ, ಪರಿಚಿತರೊಬ್ಬರ ಹೊಲದ ಕಣದಲ್ಲಿ. ಮುಡುಮಾಲದ ನಿಲುವುಗಲ್ಲುಗಳನ್ನು ನಮ್ಮ ಸೀಮೆಯವರೇ ಎಷ್ಟೋ ಮಂದಿ ನೋಡಿಲ್ಲ. ಕೃಷ್ಣೆಯ ದಂಡೆಯಲ್ಲಿ ಬೃಹತ್‌ಶಿಲಾಯುಗದ ಜನ ನಿಲ್ಲಿಸಿದ ಈ ಕಲ್ಲುಗಳಲ್ಲಿ ಎತ್ತರವಾದವು ಸುಮಾರು ಎಂಬತ್ತು, ಹನ್ನೆರಡು ಹದಿನಾಲ್ಕು ಅಡಿಯವರೆಗೆ. ಸಾಲಾಗಿ ನೆಟ್ಟ ಸಣ್ಣ ಕಲ್ಲುಗಳು ಸಾವಿರಾರು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ಇವುಗಳನ್ನು ಬಹುಕಾಲ ಅಧ್ಯಯನ ಮಾಡಿದರು. ಒಂದು ಕಲ್ಲಿನ ಮೇಲೆ ಕೊರೆದ ಕುಳಿಗಳು ಸಪ್ತರ್ಷಿ ಮಂಡಲದ ಚಿತ್ರವೆಂಬುದು ಅವರ ನಿರ್ಣಯ. 2025ರ ಮಾರ್ಚ್‌ನಲ್ಲಿ ಯುನೆಸ್ಕೊದ ಸಂಭಾವ್ಯ ಪರಂಪರೆಯ ತಾಣಗಳ ಪಟ್ಟಿಗೆ ಮುಡುಮಾಲ ಸೇರಿತು. ಎಳೆಯ ಚಂದ್ರ ಮುಳುಗಿದ ಮೇಲೆ ಈಶಾನ್ಯದಲ್ಲಿ ಸಪ್ತರ್ಷಿಗಳು ನೆಟ್ಟಗೆ ನಿಂತಂತೆ ಮೇಲೆದ್ದರು. ಹಗಲು ಕಂಡ ಕುಳಿಗಳನ್ನು ಮಗಳು ಬೆರಳಿನಿಂದ ಆಕಾಶದಲ್ಲಿ ಎಣಿಸಿದಳು. ನ್ಯೂಜಿಲೆಂಡಿನ ಆಕಾಶದಲ್ಲಿ ಈ ಏಳೂ ನಕ್ಷತ್ರಗಳು ಒಟ್ಟಾಗಿ ಕಾಣುವುದಿಲ್ಲ, ಅಲ್ಲಿ ನೆತ್ತಿಯ ಕಡೆಗೆ ಬರುವುದು ತ್ರಿಶಂಕು ಎಂದು ಹೇಳಿದಾಗ, ‘ಹಾಗಾದರೆ ಅಲ್ಲಿಯ ಹುಡುಗರು ಇಲ್ಲಿಗೆ ಬಂದು ನೋಡಬೇಕಲ್ಲಪ್ಪಾ’ ಎಂದಳು.

ಅದೇ ರಾತ್ರಿ ನೀರಿನ ಲೆಕ್ಕ ತೆಗೆದೆವು. ಅರವತ್ತು ಲೀಟರ್ ಮುಗಿದಿತ್ತು. ಕುಡಿದದ್ದು ಸ್ವಲ್ಪ, ಹೆಚ್ಚಿನದು ಹೋದದ್ದು ಕೈ ತೊಳೆಯಲು ನಲ್ಲಿಯಂತೆ ಕ್ಯಾನನ್ನು ಬಗ್ಗಿಸಿದ್ದರಲ್ಲಿ. ಆಗ ತಾಯಿಯವರು ಮಾತಾಡದೆ ಒಂದು ತಂಬಿಗೆ, ಒಂದು ಬೋಗುಣಿ ಹೊರತೆಗೆದರು. ಪಾತ್ರೆಗಳನ್ನು ಮೊದಲು ಬೂದಿಯಿಂದ ಉಜ್ಜಿ ಆಮೇಲೆ ಬೋಗುಣಿಯ ನೀರಿನಲ್ಲಿ ಅದ್ದಿ ತೆಗೆಯುವುದು, ತರಕಾರಿ ತೊಳೆದ ನೀರಿನಿಂದ ಕಾಲು ತೊಳೆಯುವುದು: ಜಾತ್ರೆಯ ಬಂಡಿಯ ಕಾಲದ ವಿದ್ಯೆ. ಮರುದಿನ ಮೂವತ್ತೈದು ಲೀಟರಿನಲ್ಲಿ ಐವರ ದಿನ ಕಳೆಯಿತು. ಬೂದಿ ನ್ಯೂಜಿಲೆಂಡಿಗೆ ಹೊಂದುವುದಿಲ್ಲವೆನ್ನಿ, ತಂಬಿಗೆ ಹೊಂದುತ್ತದೆ.

ಕೊಳೆನೀರಿನ ಸಂಗತಿ ಅದಕ್ಕಿಂತ ಗಂಭೀರವಾದುದು. ಬಳಸಿದ ನೀರನ್ನೆಲ್ಲ ಬಕೆಟ್ಟಿನಲ್ಲಿ ಹಿಡಿದು ತೋರಿಸಿದಾಗಲೇ ಮಕ್ಕಳಿಗೆ ಅದರ ಪ್ರಮಾಣ ತಿಳಿದದ್ದು. ನ್ಯೂಜಿಲೆಂಡಿನಲ್ಲಿ ಮೋಟಾರು ಮನೆಯ ಕೊಳೆನೀರನ್ನು, ಶೌಚದ ಪೆಟ್ಟಿಗೆಯನ್ನು ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಬರಿದು ಮಾಡಬೇಕು. ಬಯಲು ಬೀಡಿನ ಬಗೆಗೆ 2011ರಿಂದ ಪ್ರತ್ಯೇಕ ಕಾನೂನೇ ಇದೆ. 2023ರ ತಿದ್ದುಪಡಿ ಒಳಗೇ ಸ್ಥಿರವಾದ ಶೌಚಾಲಯವಿರುವ, ಪ್ರಮಾಣೀಕೃತ ವಾಹನವನ್ನು ಕೇಳುತ್ತದೆ. ರಸ್ತೆಯ ಪಕ್ಕ ಕಂಡಕಂಡಲ್ಲಿ ನಿಂತರೆ ದಂಡ. ವಿದ್ಯುತ್ತು, ಸ್ನಾನಗೃಹ, ಅಡಿಗೆಮನೆ, ಆಟದ ಬಯಲು ಇರುವ ವಿಹಾರ ತಂಗುದಾಣಗಳೂ, ಸರಳವಾದ, ಅಗ್ಗದ ಸರ್ಕಾರಿ ಬೀಡುಗಳೂ ಇವೆ. ಎಳೆಯ ಮಕ್ಕಳಿದ್ದವರು ಒಂದು ರಾತ್ರಿ ಇದು, ಒಂದು ರಾತ್ರಿ ಅದು ಎಂದು ಇಟ್ಟುಕೊಳ್ಳುವುದು ಮೇಲು.

ಎರಡನೆಯ ಬೆಳಗ್ಗೆ ಕೃಷ್ಣಾ ನಿಲ್ದಾಣ. 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮುಂಬಯಿ–ಮದ್ರಾಸು ಹಳಿ ಇಲ್ಲಿ ಹೊಳೆ ದಾಟುತ್ತದೆ. ಆದರೆ ಮಕ್ತಲ್ ಕಡೆಯ ಹಳಿ ಬಂದು ಇದನ್ನು ಸೇರಿದ್ದು ತೀರ ಈಚೆಗೆ. ಜಕ್ಲೇರ್–ಕೃಷ್ಣಾ ನಡುವಿನ 37 ಕಿಲೋಮೀಟರ್ ಮಾರ್ಗ ಲೋಕಾರ್ಪಣೆಯಾದದ್ದು 2023ರ ಅಕ್ಟೋಬರ್ 1ರಂದು. ಹಳಿಯ ಪಕ್ಕದ ಬೇವಿನ ನೆರಳಲ್ಲಿ ಉಪ್ಪಿಟ್ಟು ಮಾಡಿಕೊಂಡು ಸರಕುಗಾಡಿಗಳ ಡಬ್ಬಿ ಎಣಿಸುತ್ತ ಎರಡು ಗಂಟೆ ಕಳೆದೆವು. ಯೋಜನೆಯಲ್ಲಿ ಇಲ್ಲಿಗೆ ಇಟ್ಟಿದ್ದು ಇಪ್ಪತ್ತೇ ನಿಮಿಷ. ತಂಗಡಗಿಯತ್ತ, ಭೀಮೆ ಬಂದು ಕೃಷ್ಣೆಯನ್ನು ಕೂಡುವ ಸಂಗಮಕ್ಕೆ ಹೋಗುವುದು ಇದರಿಂದ ತಪ್ಪಿತು; ಯಾರಿಗೂ ಬೇಸರವಾಗಲಿಲ್ಲ.

ಅಲ್ಲಿಂದ ಮಕ್ತಲಿಗೆ ಮರಳಿ, ಆತ್ಮಕೂರಿನ ಮೇಲೆ ಜೂರಾಲ ಅಣೆಕಟ್ಟು ದಾಟಿ ಗದ್ವಾಲಿಗೆ. ಇಡೀ ಪೂರ್ವಾಭ್ಯಾಸದಲ್ಲಿ ಒಮ್ಮೆಗೆ ದೀರ್ಘವಾಗಿ ಓಡಿದ ದಾರಿ ಇದೊಂದೇ, ಮತ್ತು ಕಲಿತದ್ದೂ ಇಲ್ಲಿಯೇ. ಒಂದೂವರೆ ಗಂಟೆಯವರೆಗೆ ಮಗ ಹಾಡಿದ; ಆಮೇಲೆ ಬೆಲ್ಟಿನೊಡನೆ ಜಗಳಕ್ಕಿಳಿದ; ಎರಡು ಗಂಟೆಗೆ ಅತ್ತ. ತಾಯಿಯವರ ಮಂಡಿ ಹಿಡಿದುಕೊಂಡಿತು. ಇಳಿಯಲು ನಾನೂ ಮಡದಿಯೂ ಎರಡು ಕಡೆ ಆತುಕೊಳ್ಳಬೇಕಾಯಿತು. ಜೂರಾಲದ ಕಟ್ಟೆಯ ಬಳಿ ಹೊಳೆಮೀನಿನ ಅಂಗಡಿಗಳ ಮುಂದೆ ನಿಂತು, ವೆಲಿಂಗ್ಟನ್ನಿನಿಂದ ಪಿಕ್ಟನ್ನಿಗೆ ಹಡಗಿನಲ್ಲಿ ಮೂರೂವರೆ ಗಂಟೆ, ಅದರ ಹಿಂದೆ ಮುಂದೆ ದಿನಕ್ಕೆ ನಾಲ್ಕೈದು ಗಂಟೆಯ ರಸ್ತೆ ಎಂಬ ನಕ್ಷೆಯನ್ನು ಮತ್ತೆ ಬಿಡಿಸಿ ನೋಡಿದೆವು. ದಕ್ಷಿಣ ದ್ವೀಪ ಅಲ್ಲಿಯೇ ಬಿದ್ದುಹೋಯಿತು.

ಗದ್ವಾಲಿನ ಕೋಟೆಯನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಮುಗಿಸಿದರು. ಸಂಸ್ಥಾನದ ದೊರೆ ಸೋಮಭೂಪಾಲನ ಕಾಲದ ಆ ಗೋಡೆಗಳಿಗಿಂತ, ಒಳಗಿನ ಚೆನ್ನಕೇಶವನ ಗುಡಿಗಿಂತ ಅವರನ್ನು ಹಿಡಿದು ನಿಲ್ಲಿಸಿದ್ದು ಊರೊಳಗಿನ ಒಂದು ಮಗ್ಗ. ಗದ್ವಾಲ್ ಸೀರೆಯ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಎರಡು ಜಾತಿಯ ನೂಲನ್ನು ನೇಯುವಾಗಲೇ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ನಮ್ಮ ನಾರಾಯಣಪೇಟೆಯ ಚೌಕಳಿಯ ಸೀರೆಗೂ ಇದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನೇಕಾರರೊಡನೆ ಮಗ ತೆಲುಗಿನಲ್ಲಿ, ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡುತ್ತ ಲಾಳಿಯ ಹಿಂದೆ ಕಣ್ಣು ಓಡಿಸುತ್ತ ಒಂದು ಗಂಟೆ ಅಲುಗದೆ ಕುಳಿತ. ‘ಇದೇ ಹುಡುಗನಾ ನಿನ್ನೆ ಅತ್ತದ್ದು!’ ಎಂದರು ಚಾಲಕರು.

ಮೂರು ದಿನದಲ್ಲಿ ಓಡಿದ್ದು ಇನ್ನೂರು ಕಿಲೋಮೀಟರಿನ ಆಸುಪಾಸು. ಮನೆಗೆ ಬಂದು ಆಕ್ಲೆಂಡಿಗೆ ಹೊಸ ಯೋಜನೆ ಬರೆದು ಕಳುಹಿಸಿದೆವು. ಹದಿನೈದು ದಿನದ ಬದಲು ಹತ್ತು. ಉತ್ತರ ದ್ವೀಪ ಮಾತ್ರ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓಡುವಂತಿಲ್ಲ, ನಡುವೆ ಒಂದು ನಿಲುಗಡೆ. ಒಂದೇ ಕಡೆ ಎರಡೆರಡು ರಾತ್ರಿ. ಮೆಟ್ಟಿಲು ತಗ್ಗಾಗಿದ್ದು, ಏಣಿ ಹತ್ತಬೇಕಿಲ್ಲದ ಕೆಳಮಂಚವಿರುವ ವಾಹನವೇ ಬೇಕು. ಇಲ್ಲದಿದ್ದರೆ ಪ್ರಯಾಣ ಮುಂದಿನ ವರ್ಷಕ್ಕೆ. ನಮ್ಮ ಬೇಸಗೆ ರಜೆ ಅಲ್ಲಿನ ಶರತ್ಕಾಲ. ಡಿಸೆಂಬರ್–ಫೆಬ್ರವರಿಯ ನೂಕುನುಗ್ಗಲು ಮುಗಿದಿರುತ್ತದೆ, ರಾತ್ರಿಗಳು ಮಾತ್ರ ತಣ್ಣಗೆ. ಕೌದಿ ಹೊರುವುದೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ.

ತೀರ್ಮಾನವಾದದ್ದು ತಿಂಡಿಯ ಗಂಟು. ನ್ಯೂಜಿಲೆಂಡಿನವರು ತಮ್ಮ ಹೊಲ ಹಿಂಡುಗಳಿಗೆ ಹೊರಗಿನ ರೋಗ ತಗುಲದಂತೆ ಬಹಳ ಎಚ್ಚರ ವಹಿಸುತ್ತಾರೆ. ತಿನ್ನುವ ವಸ್ತು ಏನೇ ಇದ್ದರೂ ಇಳಿಯುವಾಗ ಘೋಷಿಸಬೇಕು, ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ಅಲ್ಲಿನ 400 ಡಾಲರ್ ದಂಡ ಬೀಳಬಹುದು. ತಾಯಿಯವರು ಮಗಳ ಕೈಯಲ್ಲಿ ಪಟ್ಟಿ ಬರೆಸಿದ್ದಾರೆ. ತುಪ್ಪ, ಜೇನು, ತುಳಸಿಯ ಬೀಜ ಮನೆಯಲ್ಲೇ ಉಳಿಯುತ್ತವೆ. ಒಣರೊಟ್ಟಿ ಮತ್ತು ಶೇಂಗಾ ಹಿಂಡಿ ಪ್ರತ್ಯೇಕ ಚೀಲದಲ್ಲಿ, ಎಲ್ಲಕ್ಕೂ ಮೇಲೆ. ಕೇಳಿದೊಡನೆ ತೆಗೆದು ತೋರಿಸಲು, ಬೇಡವೆಂದರೆ ಅಲ್ಲಿಯೇ ಬಿಟ್ಟು ನಡೆಯಲು.